ಗಂಗರತ್ನಮ್ಮ ಕೇಳಿದ ಸದ್ದಿಲ್ಲದ ಸಮುದ್ರ

ನಮ್ಮೂರಿರುವುದು ಬಂಗಾರಪೇಟೆಯಿಂದ ಕೆಜಿಎಫ್ ಕಡೆ ಹೋಗುವ ರಸ್ತೆಯ ಪಕ್ಕದಲ್ಲಿ. ಅಲ್ಲಿ ಗಂಗರತ್ನಮ್ಮನ ಮನೆ ಎಲ್ಲಿ ಅಂತ ಯಾರನ್ನೂ ಕೇಳಬೇಕಾಗಿಲ್ಲ, ಸದ್ದು ಹಿಡಿದು ಹೋದರೆ ಸಾಕು. ಎಡಕ್ಕೆ ರಾಗಿ ಮಿಷನ್ನು. ಎದುರಿಗೆ ದೇವಸ್ಥಾನ, ಅದರ ನೆತ್ತಿಯ ಮೇಲೆ ನಾಲ್ಕು ದಿಕ್ಕಿಗೂ ಬಾಯಿ ತೆರೆದ ಮೈಕು. ಒಳಗೆ ಗಂಡ ವೆಂಕಟೇಶಪ್ಪ. ವಯಸ್ಸಿದ್ದಾಗ ಗಣಿಯೊಳಗೆ ಡ್ರಿಲ್ಲಿಂಗ್ ಮಿಷನ್ ಹಿಡಿದವನು. ಗಣಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯಿತು, ಅವನ ಕಿವಿಯೊಳಗೆ ಅದಿನ್ನೂ ಮುಚ್ಚಿಲ್ಲ. ಹಾಗಾಗಿ ಅವನು ಟಿವಿ ಕೇಳುವುದಿಲ್ಲ, ಊರಿಗೆ ಕೇಳಿಸುತ್ತಾನೆ.

ಗಂಗರತ್ನಮ್ಮನಿಗೆ ಎರಡು ಸೀಮೆ ಹಸು. ಡೇರಿಗೆ ಹಾಕಿ ಉಳಿದ ಹಾಲನ್ನು ಕ್ಯಾನಿಗೆ ತುಂಬಿಕೊಂಡು ಬಸ್ಸು ಹತ್ತಿ ಊರಿಗಾಂನ ಗಣಿ ಕಾರ್ಮಿಕರ ಲೈನ್‌ಮನೆಗಳಿಗೆ ಕೊಡುತ್ತಾಳೆ. ಮನೆಯಲ್ಲಿ ಕನ್ನಡ, ಜಗಳಕ್ಕೆ ತೆಲುಗು, ಹಾಲಿನ ಗಿರಾಕಿಗಳಿಗೆ ತಮಿಳು. ಅವಳ ಮಾತಿಗೆ ತೂಕವಿತ್ತು. ಅವಳು "ನಡೀರಮ್ಮೋ" ಅಂದರೆ ನಲವತ್ತು ಹೆಂಗಸರು ಎದ್ದು ನಿಲ್ಲುತ್ತಿದ್ದರು. ಈ ಗುಣವನ್ನು ಮೊದಲು ಕಂಡುಹಿಡಿದವನು ಮುನೀಂದ್ರ.

ಮುನೀಂದ್ರನಿಗೆ ಜಲ್ಲಿ ಕ್ರಷರ್ ಇತ್ತು, ಬಿಳಿ ಕಾರಿತ್ತು, ಹಿಂದೆ ಮುಂದೆ ಓಡಾಡಲು ವೇಣು ಅನ್ನುವ ಹುಡುಗನಿದ್ದ. ಇಲ್ಲದ್ದು ಒಂದೇ, ಜಿಲ್ಲಾ ಪಂಚಾಯ್ತಿಯ ಮೆಂಬರ್‌ಗಿರಿ. ಚುನಾವಣೆ ಇವತ್ತು ಬರುತ್ತದೆ, ನಾಳೆ ಬರುತ್ತದೆ ಅಂತ ವರ್ಷಗಳೇ ಕಳೆದವು. ಚುನಾವಣೆ ಬರದಿದ್ದರೂ ಡಿಸೆಂಬರ್ ಮಾತ್ರ ತಪ್ಪದೆ ಬರುತ್ತಿತ್ತು. ಡಿಸೆಂಬರ್ ಬಂತೆಂದರೆ ನಮ್ಮ ಕಡೆ ಹೆಂಗಸರು ಕೆಂಪು ಸೀರೆ ಉಟ್ಟು, ಮಾಲೆ ಹಾಕಿಕೊಂಡು, ತಮಿಳುನಾಡಿನ ಮೇಲ್ಮರುವತ್ತೂರಿನ ಓಂಶಕ್ತಿ ಅಮ್ಮನ ದರ್ಶನಕ್ಕೆ ಹೊರಡುತ್ತಾರೆ. ಭಕ್ತಿ ಹೆಂಗಸರದು, ಬಸ್ಸು ಲೀಡರುಗಳದು. ಮುನೀಂದ್ರ ಬಿಡದಿದ್ದರೆ ಎದುರು ಪಾರ್ಟಿಯ ಆಂಜಿನಪ್ಪ ಬಿಡುತ್ತಾನೆ. ಹೀಗೆ ಬಾರದ ಚುನಾವಣೆಗೆ ನಿಂತೂ ನಿಂತೂ ಮುನೀಂದ್ರನ ತಲೆಗೂದಲು ತೆಳ್ಳಗಾಗಿತ್ತು. ಫ್ಲೆಕ್ಸಿನಲ್ಲಿ ಮಾತ್ರ ದಟ್ಟವಾಗಿಯೇ ಇತ್ತು.

ಗಂಗರತ್ನಮ್ಮ ಮೊದಲ ಸಲ ಸಮುದ್ರಕ್ಕೆ ಹೋದದ್ದು ಮುನೀಂದ್ರನ ಬಸ್ಸಿನಲ್ಲೇ. ದರ್ಶನ ಮುಗಿಸಿ ಬರುವಾಗ ಯಾವುದೋ ದೊಡ್ಡ ಬೀಚಿನ ಹತ್ತಿರ ಬಸ್ಸು ನಿಂತಿತು. ಸಂತೆಯಂಥ ಜನ. ಬೇಯಿಸಿದ ಕಡಲೆಯ ಸುಂಡಲ್ ಮಾರುವವರು, ಕುದುರೆ ಓಡಿಸುವವರು, ಬಲೂನಿಗೆ ಗುರಿಯಿಡುವ ಬಂದೂಕಿನವರು. ಇಳಿದವಳೇ ಸೆರಗು ಸಿಕ್ಕಿಸಿಕೊಂಡು ನೀರಿನ ಕಡೆ ನಡೆದಳು. ಅಷ್ಟರಲ್ಲಿ ವೇಣು ಓಡಿ ಬಂದ.

"ಅಕ್ಕಾ, ಎಲ್ಲಿಗೋಗ್ತಿಯಾ? ಮೊದ್ಲು ಫೋಟೊ. ಎಲ್ರೂ ಲೈನಾಗಿ ನಿಂತ್ಕೊಳಿ, ಬ್ಯಾನರ್ ಇಡ್ಕೊಳಿ, ಈ ಕಡೆ ನೋಡಿ!"

ಈ ಕಡೆ ಅಂದರೆ ಕ್ಯಾಮೆರಾ ಕಡೆ. ನಲವತ್ತು ಹೆಂಗಸರು ಮುನೀಂದ್ರನ ಮುಖವಿದ್ದ ಬ್ಯಾನರ್ ಹಿಡಿದು ಸಮುದ್ರಕ್ಕೆ ಬೆನ್ನು ಮಾಡಿ ನಿಂತರು. ಒಬ್ಬಳ ಕಣ್ಣು ಮುಚ್ಚಿತ್ತು, ಇನ್ನೊಬ್ಬಳು ಮುನೀಂದ್ರನ ಕಿವಿಯನ್ನು ಮಡಚಿ ಹಿಡಿದಿದ್ದಳು ಅಂತ ನಾಲ್ಕಾರು ಸಲ ತೆಗೆದರು. ಆಮೇಲೆ ಡ್ರೈವರ್ ಹಾರನ್ ಹೊಡೆದ. ನಡುವೆ ಸಿಕ್ಕ ಚೂರು ಹೊತ್ತಿನಲ್ಲಿ ಗಂಗರತ್ನಮ್ಮ ಪಾದ ನೆನೆಸಿದಳು. ಅಲೆಯೊಂದು ಬಂದು ಕಾಲ ಕೆಳಗಿನ ಮರಳನ್ನು ಎಳೆದುಕೊಂಡು ಹೋಯಿತು. ಅದರ ಸದ್ದಿನೊಳಗೆ ವೇಣುವಿನ ಕೂಗು, ಹಾರನ್ನು, ಸುಂಡಲ್‌ನವನ ಗಂಟೆ ಎಲ್ಲ ಮುಳುಗಿದವು. ತಲೆಯೊಳಗೆ ಯಾರೋ ಕಸ ಗುಡಿಸಿದಂತಾಯಿತು. ಅಷ್ಟೇ. ಅಷ್ಟರಲ್ಲಿ ಯಾರೋ ರಟ್ಟೆ ಹಿಡಿದು ಎಳೆದರು.

ಊರಿಗೆ ಬಂದ ಮೇಲೆ ಊರಿಗಾಂ ಲೈನಿನ ಕದಿರಮ್ಮ ಹಾಲು ಹಾಕಿಸಿಕೊಳ್ಳುತ್ತಾ "ಸಮುದ್ರ ಎಂಗಿತ್ತು?" ಅಂತ ಕೇಳಿದಳು. "ಫೋಟೊದಾಗೆ ನೋಡಿದ್ನಮ್ಮ, ಚೆನ್ನಾಗೇ ಐತೆ. ನಮ್ಮ ಇಂದ್ಗಡೆ ಇತ್ತು" ಅಂದಳು ಗಂಗರತ್ನಮ್ಮ.

ಮಾರನೆಯ ವರ್ಷವೂ ಹೀಗೇ ಆಯಿತು. ಮೂರನೆಯ ಸಲ ಮುನೀಂದ್ರ ಮನೆಗೇ ಬಂದ. ಕುರ್ಚಿಯ ತುದಿಯಲ್ಲಿ ಕೂತು, ಟಿವಿಯ ಸದ್ದಿನ ಮೇಲೆ ಕೂಗಿ ಹೇಳಿದ.

"ಅಕ್ಕಾ, ಈ ಸಲ ನಿಮ್ಗೇನು ಬೇಕೋ ಕೇಳಿ. ಮಿಕ್ಸಿನಾ? ಸೀರೇನಾ? ಬಾಗ್ಲು ಮುಂದೆ ಲೈಟ್ ಕಂಬ ಆಕುಸ್ಲಾ?"

"ಅದ್ಯಾವುದೂ ಬ್ಯಾಡ ನಾಯ್ನಾ. ಸದ್ದಿಲ್ದಿರೋ ಬೀಚಿಗೆ ಕರ್ಕೊಂಡೋಗಿ ಕೂರ್ಸು. ಜನ ಇರ್ಬಾರ್ದು, ಅಂಗಡಿ ಇರ್ಬಾರ್ದು. ಬ್ಯಾನರ್ ಇಡ್ಕೊಳಕ್ಕೆ ನನ್ ಕರೀಬಾರ್ದು. ಒಂದು ಮಧ್ಯಾನ ಸುಮ್ನೆ ಕೂತ್ಕೊಂಡು ಬತ್ತೀನಿ."

ಮುನೀಂದ್ರ ವೇಣುವಿನ ಮುಖ ನೋಡಿದ. ಕಾಂಕ್ರೀಟ್ ರಸ್ತೆ ಕೇಳಿದವರಿದ್ದರು, ಬೋರ್‌ವೆಲ್ ಕೇಳಿದವರಿದ್ದರು, ಮಗಳ ಮದುವೆಗೆ ಚೌಟ್ರಿ ಕೇಳಿದವರಿದ್ದರು. ಸದ್ದಿಲ್ಲದ್ದನ್ನು ಅವನ ಹತ್ತಿರ ಯಾರೂ ಕೇಳಿರಲಿಲ್ಲ. ಅದು ಎಲ್ಲಿ ಸಿಗುತ್ತದೆ, ಎಷ್ಟು ಲೋಡು ಬೇಕಾಗುತ್ತದೆ ಅನ್ನುವುದೂ ಗೊತ್ತಿರಲಿಲ್ಲ. ಆದರೂ ಲೀಡರ್ ಆದವನು ಇಲ್ಲ ಅನ್ನುವಂತಿಲ್ಲ. "ಆಯ್ತಕ್ಕಾ, ಆಗೋಯ್ತು ಅನ್ಕೊಳಿ" ಅಂದುಬಿಟ್ಟ.

ವೇಣು ಫೋನಿನಲ್ಲಿ ಹುಡುಕಿ ಹುಡುಕಿ ಒಂದನ್ನು ಹಿಡಿದ. ದೇವಸ್ಥಾನದಿಂದ ಒಂದು ಗಂಟೆ ದಾರಿ. ಸರ್ವೆ ತೋಪು, ಅದರಾಚೆ ಮೀನುಗಾರರ ಸಣ್ಣ ಊರು, ಒಂದು ಹೊಳೆ ಬಂದು ಸಮುದ್ರ ಸೇರುವ ಜಾಗ. "ಯಾರೂ ಬರಲ್ಲ, ಏನೂ ಇಲ್ಲ" ಅಂತ ಯಾರೋ ಅಲ್ಲಿಗೆ ಹೋಗಿ ಬೇಸರಪಟ್ಟವನು ಬರೆದಿದ್ದ.

ಅಲ್ಲಿಗೇ ನಿಂತಿದ್ದರೆ ಗಂಗರತ್ನಮ್ಮನ ಆಸೆ ಅವತ್ತೇ ತೀರುತ್ತಿತ್ತು. ಆದರೆ ಮುನೀಂದ್ರನಿಗೆ ರಾತ್ರಿ ಯೋಚನೆ ಬಂತು. ಒಬ್ಬ ಹೆಂಗಸಿಗೆ ಶಾಂತಿ ಕೊಟ್ಟರೆ ಒಂದೇ ಓಟು, ಎಲ್ಲರಿಗೂ ಕೊಟ್ಟರೆ? ವಾರದೊಳಗೆ ಬಂಗಾರಪೇಟೆ ಬಸ್ ಸ್ಟ್ಯಾಂಡಿನ ಮುಂದೆ ಫ್ಲೆಕ್ಸ್ ಎದ್ದಿತು. "ಮುನೀಂದ್ರಣ್ಣನವರ ಕೊಡುಗೆ: ಶಾಂತ ಸಾಗರ ದರ್ಶನ ಯಾತ್ರೆ." ಹಿಂದೆ ಯಾವುದೋ ದೇಶದ ನೀಲಿ ಸಮುದ್ರ, ಅದರ ಮುಂದೆ ಮುನೀಂದ್ರ ಕೈಮುಗಿದು ನಿಂತಿದ್ದ. ಕೆಳಗೆ ಮರಳೇ ಕಾಣದ ಹಾಗೆ ಅಭಿಮಾನಿಗಳ ಮುಖಗಳು. ಒಂದು ಬಸ್ಸು ಐದು ಬಸ್ಸಾಯಿತು. ಶಾಂತಿಯ ವಿಷಯ ಮಾತಾಡಬೇಕಲ್ಲ ಅಂತ ಸೌಂಡ್ ಬಾಕ್ಸು, ಅದಕ್ಕೆ ಜನರೇಟರು, ಮೇಲಿನಿಂದ ವಿಡಿಯೊ ತೆಗೆಯಲು ಡ್ರೋನು.

ಊರಿಗಾಂನ ಕದಿರಮ್ಮನೂ ಈ ಸಲ ಹೊರಟಿದ್ದಳು. ಗಂಗರತ್ನಮ್ಮನ ಪಕ್ಕದ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಸೊಸೆಯ ವಿಷಯ ಹೇಳಿದಳು. ಮೇಲ್ಮರುವತ್ತೂರಿನಲ್ಲಿ ದರ್ಶನ ಚೆನ್ನಾಗಿ ಆಯಿತು. ಮಾಲೆ ಬಿಚ್ಚಿ, ಊಟ ಮಾಡಿ, ಮಧ್ಯಾಹ್ನ ಬಸ್ಸುಗಳು ಸಮುದ್ರದ ಕಡೆ ತಿರುಗಿದವು.

ವೇಣುವಿನ ಫೋನು ಸುಳ್ಳು ಹೇಳಿರಲಿಲ್ಲ. ಸರ್ವೆ ತೋಪು ದಾಟಿದರೆ ಬೆಳ್ಳನೆಯ ಮರಳು, ಮರಳ ಮೇಲೆ ಎಳೆದು ನಿಲ್ಲಿಸಿದ ನಾಲ್ಕು ದೋಣಿ, ಏಡಿಗಳು ತೋಡಿದ ತೂತುಗಳು. ಮನುಷ್ಯರೇ ಇಲ್ಲ. ದಡದುದ್ದಕ್ಕೂ ಬಿಳಿ ಹಕ್ಕಿಗಳು ಕೂತಿದ್ದವು. ಗಂಗರತ್ನಮ್ಮ ಕೆಳಗಿಳಿದು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡಳು.

ಆಗ ಜನರೇಟರ್ ಶುರುವಾಯಿತು.

ಡ್ರೋನು ಮೇಲೆದ್ದಿತು, ಹಕ್ಕಿಗಳೂ ಮೇಲೆದ್ದವು. ಡ್ರೋನು ವಾಪಸ್ಸು ಬಂತು, ಹಕ್ಕಿಗಳು ಬರಲಿಲ್ಲ. ಐದು ಬಸ್ಸಿನ ಹೆಂಗಸರು ಇಳಿದು ಮಕ್ಕಳ ಹೆಸರು ಹಿಡಿದು ಕೂಗತೊಡಗಿದರು. ದೋಣಿಯ ನೆರಳಿನಲ್ಲಿ ಮಲಗಿದ್ದ ನಾಯಿಗಳು ಎದ್ದು ತಮ್ಮ ಪಾಲಿನದನ್ನು ಸೇರಿಸಿದವು. ಮುನೀಂದ್ರ ಮೈಕು ಹಿಡಿದ.

"ನನ್ನ ಅಕ್ಕತಂಗಿಯರೇ! ಇವತ್ತಿನ ಪ್ರಪಂಚದಲ್ಲಿ ಎಲ್ಲಿ ನೋಡಿದರೂ ಗಲಾಟೆ! ನಿಮಗೆ ಒಂದು ಶಾಂತವಾದ ಜಾಗ ಕೊಡಬೇಕು ಅಂತ ನನ್ನ ಕನಸು! ಎಲ್ಲರೂ ಒಂದು ಸಲ ಜೋರಾಗಿ ಹೇಳಿ, ಶಾಂತಿ!"

"ಶಾಂತೀ!" ಅಂತ ಐದು ಬಸ್ಸು ಕೂಗಿತು.

"ಕೇಳಿಸ್ತಾ ಇಲ್ಲ!"

ಇನ್ನೂ ಜೋರಾಗಿ ಕೂಗಿದರು. ಆಮೇಲೆ ವೇಣು ಮೈಕು ಇಸಿದುಕೊಂಡು "ಈಗ ಸಮುದ್ರದ ಸದ್ದು ಕೇಳಕ್ಕೆ ಒಂದು ನಿಮಿಷ ಮೌನ" ಅಂದ. ಮೌನ ಅಂದಕೂಡಲೇ ಹೆಂಗಸರು ಯಾರೋ ತೀರಿಕೊಂಡಿದ್ದಾರೆ ಅಂದುಕೊಂಡರು. ಎಲ್ಲರೂ ಎದ್ದು ನಿಂತು ತಲೆ ತಗ್ಗಿಸಿದರು. ಎರಡನೇ ಬಸ್ಸಿನ ಒಬ್ಬಳು ಯಾರು ಏನು ಅಂತ ಕೇಳದೆ ಅಳುವುದಕ್ಕೇ ಶುರುಮಾಡಿದಳು. ಮುನೀಂದ್ರನ ಜೇಬಿನೊಳಗಿನ ಫೋನು ಕುಣಿಯುವ ಹಾಡೊಂದನ್ನು ಹಾಡಿತು. ಜನರೇಟರಿಗೆ ಮೌನದ ವಿಷಯ ಯಾರೂ ಹೇಳಿರಲಿಲ್ಲ.

ಗಂಗರತ್ನಮ್ಮ ಚೀಲವನ್ನು ಕದಿರಮ್ಮನ ಕೈಗೆ ಕೊಟ್ಟಳು. "ಇಡ್ಕೊ. ನಾನು ಅತ್ಲಾಗೆ ಓಗ್ಬತ್ತೀನಿ."

ನೀರಿನಂಚು ಹಿಡಿದು ನಡೆದಳು. ಮೈಕಿನ ಸದ್ದು ಹಿಂದೆ ಹಿಂದೆ ಬಂತು, ಸಾಲ ಕೊಟ್ಟವನ ಹಾಗೆ. ಹೊಳೆ ಸಮುದ್ರ ಸೇರುವ ತಿರುವು ದಾಟಿದ ಮೇಲೆ ಅದೂ ಕೈಬಿಟ್ಟಿತು. ಅಲ್ಲೊಬ್ಬ ಹೆಂಗಸು ಹಳೆಯ ಬಲೆಯ ಮೇಲೆ ಹರಡಿದ ಮೀನನ್ನು ಮಗುಚಿ ಹಾಕುತ್ತಿದ್ದಳು. ಕೆಂಪು ಸೀರೆಯವಳನ್ನು ನೋಡಿ, ಏನೂ ಕೇಳದೆ, ಗೋಣಿಚೀಲವೊಂದನ್ನು ಕಾಲಿನಿಂದ ಈಚೆ ತಳ್ಳಿದಳು. ಗಂಗರತ್ನಮ್ಮ ಅದರ ಮೇಲೆ ಕೂತಳು.

ಕೂತಳು ಅಂದರೆ ಕೂತೇ ಇದ್ದಳು. ಅಲೆ ಬರುವುದು, ಒಡೆಯುವುದು, ಹೋಗುವುದು. ಮೊದಮೊದಲು ಹಸುವಿಗೆ ಹಿಂಡಿ ಯಾರು ಕಲಸುತ್ತಾರೆ ಅನ್ನುವ ಯೋಚನೆ ಬಂತು. ಆಮೇಲೆ ಅದೂ ಬರಲಿಲ್ಲ. ಸಿಹಿನೀರು ಉಪ್ಪುನೀರಿಗೆ ಸೇರುವ ಕಡೆ ಬಣ್ಣ ಬೇರೆಯಾಗಿ ಕಾಣುತ್ತಿತ್ತು. ಅದನ್ನೇ ನೋಡುತ್ತಾ ಎಷ್ಟು ಹೊತ್ತಾಯಿತೋ, ಕಣ್ಣೆಳೆದು ಗೋಣಿಚೀಲದ ಮೇಲೆಯೇ ಒರಗಿದಳು. ಹಗಲು ಹೊತ್ತಿನಲ್ಲಿ ಮಲಗಿ ನಿದ್ದೆ ಮಾಡಿದ್ದು ಬಾಣಂತಿಯಾಗಿದ್ದಾಗ ಬಿಟ್ಟರೆ ಅದೇ ಮೊದಲು.

ಎದ್ದು ತಿರುವು ದಾಟಿ ಬಂದು ನೋಡಿದರೆ ಬಸ್ಸಿಲ್ಲ. ಮರಳ ತುಂಬಾ ಕಾಗದದ ತಟ್ಟೆ, ನೀರಿನ ಬಾಟಲಿ. ಸರ್ವೆ ಮರಕ್ಕೆ ಕಟ್ಟಿದ್ದ ಬ್ಯಾನರಿನ ಒಂದು ಮೂಲೆ ಕಿತ್ತುಹೋಗಿ ಅದರೊಳಗಿನ ಮುನೀಂದ್ರ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದ್ದ. ಅಲ್ಲಿ ಆಗಿದ್ದು ಇಷ್ಟೇ. ಕದಿರಮ್ಮ "ನಮ್ಮಕ್ಕ ಬಂದಿಲ್ಲ" ಅಂತ ಅರಚಿದ್ದಳು. ವೇಣು "ಅವ್ರು ಅಣ್ಣನ ಕಾರಾಗೆ ಮುಂದೆ ಓದ್ರು" ಅಂದಿದ್ದ. ಕಾರಿನಲ್ಲಿದ್ದ ಮುನೀಂದ್ರ, ಅಕ್ಕ ಬಸ್ಸಿನಲ್ಲಿದ್ದಾರೆ ಅಂದುಕೊಂಡು ನಿದ್ದೆ ಹೋಗಿದ್ದ.

ಗಂಗರತ್ನಮ್ಮ ಮೊದಲು ಬಸ್ಸು ನಿಂತಿದ್ದ ಕಡೆ ಓಡಿದಳು. ಆಮೇಲೆ ಸುತ್ತ ನೋಡಿದಳು. ಜನರೇಟರ್ ಇಲ್ಲ, ವೇಣು ಇಲ್ಲ, ಸೊಸೆಯ ವಿಷಯವಿಲ್ಲ. ಹಕ್ಕಿಗಳು ಒಂದೊಂದಾಗಿ ವಾಪಸ್ಸು ಬಂದು ಕೂರುತ್ತಿದ್ದವು. "ಓದ್ರೆ ಓಗ್ಲಿ" ಅಂದುಕೊಂಡು ಮೀನಿನವಳ ಕಡೆಗೇ ತಿರುಗಿ ನಡೆದಳು.

ಮೀನಿನವಳ ಹೆಸರು ಸೆಲ್ವಿ. ಗಂಡ ದೋಣಿಯ ಮೇಲೆ ಹೋದರೆ ಮೂರು ದಿನ ಬರುವುದಿಲ್ಲ. ಮನೆಯಲ್ಲಿ ಅವಳೂ ಅತ್ತೆಯೂ ಮಾತ್ರ. ವಿಷಯ ತಿಳಿದು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಅನ್ನ ಹಾಕಿ ಮೀನಿನ ಸಾರು ಬಡಿಸಿದಳು. ಮಾಲೆ ಬಿಚ್ಚಿಯಾಗಿದ್ದರಿಂದ ಅಡ್ಡಿಯಿರಲಿಲ್ಲ. ಫೋನು ಚೀಲದಲ್ಲಿ ಹೋಗಿತ್ತು. ಆದರೆ ಮನೆಯ ನಂಬರನ್ನು ಹಾಲಿನ ಕ್ಯಾನಿನ ಮೇಲೆ ಬಣ್ಣದಲ್ಲಿ ಬರೆಸಿದ್ದರಿಂದ ಬಾಯಿಗೆ ಬಂದಿತ್ತು. ಸೆಲ್ವಿಯ ಫೋನಿನಿಂದ ಗಂಡನಿಗೆ ಮಾಡಿದಳು.

"ನಾನು ಕಣಯ್ಯಾ! ಬೀಚಾಗೇ ಇವ್ನಿ!"

"ಬೀಗಾನಾ? ಬೀಗ ಆಕೇ ಇಲ್ಲ, ಬಾಗ್ಲು ತೆಗ್ದೇ ಐತೆ!"

"ಬೀಗ ಅಲ್ಲ, ಬೀಚು! ಬಸ್ಸು ಬಿಟ್ಟೋಯ್ತು! ನಾಳಿದ್ದು ಬತ್ತೀನಿ!"

"ನಾಳಿದ್ದೇ ಬಾರಮ್ಮ, ಇವತ್ತು ಮನೇಲಿ ಯಾರೂ ಇಲ್ಲ. ನಮ್ಮೆಂಗಸು ಸಮುದ್ರ ನೋಡಕ್ಕೋಗವ್ಳೆ" ಅಂತ ಹೇಳಿ ವೆಂಕಟೇಶಪ್ಪ ಫೋನಿಟ್ಟ.

ಹೇಳುವುದು ಹೇಳಿಯಾಯಿತು ಅಂತ ಗಂಗರತ್ನಮ್ಮ ನಿಶ್ಚಿಂತೆಯಾಗಿ ಎರಡು ದಿನ ಇದ್ದುಬಿಟ್ಟಳು. ಬೆಳಿಗ್ಗೆ ದಡದ ಮೇಲೆ ಕೂತು ಸೂರ್ಯ ನೀರಿನೊಳಗಿನಿಂದ ಏಳುವುದನ್ನು ನೋಡಿದಳು. ಮುನೀಂದ್ರನ ಕಡೆಯವರು ಬಿಟ್ಟು ಹೋದ ತಟ್ಟೆಗಳನ್ನು ಸೆಲ್ವಿಯ ಜೊತೆ ಸೇರಿ ಗುಡ್ಡೆ ಹಾಕಿ ಸುಟ್ಟಳು. ಸಂಜೆ ಸೆಲ್ವಿಯ ಅತ್ತೆ ಅವಳ ಕಾಲಿಗೆ ಎಣ್ಣೆ ತಿಕ್ಕಿದಳು. ಬೇಡ ಅಂದರೂ ಕೇಳಲಿಲ್ಲ.

ಇತ್ತ ಊರಿನಲ್ಲಿ ಗಂಗರತ್ನಮ್ಮ ದೊಡ್ಡ ಮನುಷ್ಯಳಾಗಿದ್ದಳು. ಕದಿರಮ್ಮ ಬಂಗಾರಪೇಟೆಯಲ್ಲಿ ಇಳಿದವಳೇ ಬಿಳಿ ಕಾರಿನ ಬಾಗಿಲು ತೆಗೆದು ನೋಡಿ ಬಾಯಿ ಬಡಿದುಕೊಂಡಳು. ಮಾರನೆಯ ಬೆಳಿಗ್ಗೆ ಆಂಜಿನಪ್ಪನ ಫ್ಲೆಕ್ಸು ಎದ್ದಿತು. "ಗಂಗರತ್ನಮ್ಮ ಎಲ್ಲಿ? ಮುನೀಂದ್ರ ಉತ್ತರಿಸಲಿ!" ಆಧಾರ್ ಕಾರ್ಡಿನ ಫೋಟೊ ಹಿಗ್ಗಿಸಿ ಹಾಕಿದ್ದರಿಂದ ಕಳೆದುಹೋದವಳಿಗಿಂತ ಹೆಚ್ಚಾಗಿ ಕಳ್ಳತನ ಮಾಡಿ ಓಡಿಹೋದವಳ ಹಾಗೆ ಕಾಣುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಎದುರಿಗೆ ಮುನೀಂದ್ರನದು ಎದ್ದಿತು. "ಗಂಗರತ್ನಮ್ಮನವರ ಕ್ಷೇಮಕ್ಕಾಗಿ ಪ್ರಾರ್ಥಿಸುವ ನಿಮ್ಮ ಮನೆಮಗ." ಅದರಲ್ಲಿ ಅವಳ ಫೋಟೊ ಅಂಗೈಯಗಲ, ಮನೆಮಗನದು ಆಳೆತ್ತರ. ವೇಣುವನ್ನು ಕಾರು ಕೊಟ್ಟು ಹುಡುಕಲು ಕಳಿಸಿದರು. ಅವನು ದಾರಿ ತಪ್ಪಿ ಆ ಸಂತೆಯಂಥ ಬೀಚಿಗೇ ಹೋಗಿ, ಸುಂಡಲ್ ತಿಂದು, ಎಲ್ಲೂ ಇಲ್ಲ ಅಂತ ಫೋನು ಮಾಡಿದ.

ವೆಂಕಟೇಶಪ್ಪನ ಮನೆ ಮುಂದೆ ಜನವೋ ಜನ. ಸಮಾಧಾನ ಹೇಳಲು ಬಂದವರೆಲ್ಲ ಅವನ ಕಿವಿಯ ಹತ್ತಿರ ಬಗ್ಗಿ ಕೂಗಿ ಸಮಾಧಾನ ಹೇಳಿದರು. ಅವನು ಟಿವಿ ಹಾಕಲಿಲ್ಲ. ಹಾಲು ಕರೆಯಲು ಹೋಗಿ ಹಸುವಿನಿಂದ ಒದೆಸಿಕೊಂಡು, ಖಾಲಿ ತಂಬಿಗೆ ಹಿಡಿದು ಕೊಟ್ಟಿಗೆಯ ಕಂಬಕ್ಕೆ ಒರಗಿ ಕೂತಿದ್ದನ್ನು ನಾನೇ ನೋಡಿದೆ. ಆಗ ಮಾತ್ರ ಯಾರಿಗೂ ನಗು ಬರಲಿಲ್ಲ.

ಮೂರನೆಯ ದಿನ ಗಂಗರತ್ನಮ್ಮ ಸೆಲ್ವಿ ದಾರಿಗೆ ಕೊಟ್ಟ ದುಡ್ಡು, ಕಟ್ಟಿಕೊಟ್ಟ ಒಣಮೀನಿನ ಗಂಟು ಹಿಡಿದು ಬಸ್ಸು ಹತ್ತಿ ಚೆನ್ನೈಗೆ ಬಂದು, ಅಲ್ಲಿ ರೈಲು ಹತ್ತಿ ಬಂಗಾರಪೇಟೆಯಲ್ಲಿ ಇಳಿದಳು. ಸ್ಟೇಷನ್ ಹೊರಗೆ ಹೂ ಮಾರುವವಳು ಅವಳನ್ನೂ ಫ್ಲೆಕ್ಸನ್ನೂ ಎರಡೆರಡು ಸಲ ನೋಡಿದಳು.

"ಅಯ್ಯೋ, ನೀವು ಸಿಕ್ಕಿದ್ರಾ?"

"ನಾನೆಲ್ಲಮ್ಮ ಕಳ್ದೋಗಿದ್ದೆ?" ಅಂದಳು ಗಂಗರತ್ನಮ್ಮ. ಆಮೇಲೆ ತಲೆಯೆತ್ತಿ ತನ್ನ ಮುಖ ನೋಡಿಕೊಂಡು ಬೆಚ್ಚಿದಳು.

ಅವಳು ಮನೆ ಮುಟ್ಟುವ ಮೊದಲೇ ಮುನೀಂದ್ರ ಹಾರ ಹಿಡಿದು ಬಾಗಿಲಲ್ಲಿದ್ದ. ಆಂಜಿನಪ್ಪ ಇನ್ನೂ ದಪ್ಪದ ಹಾರ ಹಿಡಿದು ಪಕ್ಕದಲ್ಲಿದ್ದ. ನೀನು ಮೊದಲು, ನಾನು ಮೊದಲು ಅಂತ ತಳ್ಳಾಡುವಾಗ ಒಂದು ಹಾರ ಹಸುವಿನ ಬಾಯಿಗೆ ಹೋಯಿತು. ಲೋಕಲ್ ಚಾನೆಲ್ಲಿನ ಹುಡುಗ ಮೈಕು ಮುಂದೆ ಹಿಡಿದ.

"ಅಮ್ಮಾ, ಇಷ್ಟು ದಿನ ಎಲ್ಲಿದ್ರಿ?"

"ಸಮುದ್ರದ ಮುಂದೆ ಕೂತಿದ್ದೆ."

"ನಿಮ್ಮನ್ನ ಯಾರು ಕಾಪಾಡಿದ್ರು?"

ಮುನೀಂದ್ರ ಕತ್ತು ಉದ್ದ ಮಾಡಿದ. ಗಂಗರತ್ನಮ್ಮ ಸ್ವಲ್ಪ ಯೋಚಿಸಿ, "ಬಸ್ಸು ಕಾಪಾಡ್ತಪ್ಪ. ಬಿಟ್ಟೋಗ್ದೇ ಇದ್ದಿದ್ರೆ ನಾನು ಕೆಟ್ಟೋಗಿದ್ದೆ" ಅಂದಳು.

ಒಳಗೆ ಹೋದಾಗ ವೆಂಕಟೇಶಪ್ಪ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದ. "ಒಂದು ಫೋನ್ ಮಾಡಕ್ಕಾಗ್ಲಿಲ್ವಾ ನಿಂಗೆ?" ಅಂತ ಗದರಿದ. ಅವಳು ಒಣಮೀನಿನ ಗಂಟನ್ನು ಅವನ ಕೈಗಿಟ್ಟು ಹಿಂಡಿ ಕಲಸಲು ಹೋದಳು.

ಆ ಸಂದರ್ಶನ ಊರೂರಿನ ಫೋನುಗಳಲ್ಲಿ ಓಡಾಡಿತು. ಆಮೇಲೆ ಆಗಿದ್ದನ್ನು ಮುನೀಂದ್ರ ಕನಸಿನಲ್ಲೂ ನೆನೆಸಿರಲಿಲ್ಲ. ಹೆಂಗಸರು ಗುಂಪುಗಟ್ಟಿ ಅವನ ಆಫೀಸಿಗೆ ಬಂದರು.

"ಅಣ್ಣಾ, ನಮ್ಗೂ ಬಿಟ್ಟೋಗೋ ಬಸ್ಸು ಬೇಕು."

"ಕರ್ಕೊಂಡು ಬರೋ ಬಸ್ ಬಿಡ್ತೀನಲ್ರಮ್ಮ!"

"ಬರೋದು ನಾವು ಬತ್ತೀವಿ. ನೀವು ಬಿಟ್ಟೋದ್ರೆ ಸಾಕು."

ಗಂಡಸರು ಗಾಬರಿಯಾದರು. ಹಸು ಕರೆಯುವವರು ಯಾರು, ಮುದ್ದೆ ತಿರುವುವವರು ಯಾರು? ಆದರೆ ಆಂಜಿನಪ್ಪ ಎರಡು ದಿನ ಬಿಟ್ಟು ಬರುತ್ತೇನೆ ಅಂದ ಅಂತ ಸುದ್ದಿ ಬಂದಾಗ, ಮುನೀಂದ್ರ ಮೂರು ದಿನ ಅಂದ. ಇಬ್ಬರೂ ಗಂಗರತ್ನಮ್ಮನ ಹತ್ತಿರ ಬಂದು ಆ ಜಾಗದಲ್ಲಿ ತಿರುವು ಯಾವ ಕಡೆ, ಮೀನಿನವಳ ಮನೆ ಯಾವುದು ಅಂತ ಕೇಳಿದರು. ಅವಳು ಒಬ್ಬನಿಗೆ ಉತ್ತರ ಅಂದಳು, ಇನ್ನೊಬ್ಬನಿಗೆ ದಕ್ಷಿಣ ಅಂದಳು. ಆಂಜಿನಪ್ಪನ ಬಸ್ಸು ಉಪ್ಪಿನ ಗದ್ದೆಯಲ್ಲಿ ಸಿಕ್ಕಿಕೊಂಡಿತಂತೆ. ಮುನೀಂದ್ರನ ಬಸ್ಸು ಎಲ್ಲಿಗೆ ಹೋಯಿತೋ, ಅದರಲ್ಲಿ ಹೋದವರು ಇವತ್ತಿಗೂ ಹೇಳುವುದಿಲ್ಲ.

ಯುಗಾದಿ ಕಳೆದ ಮೇಲೆ ಗಂಗರತ್ನಮ್ಮ, ಕದಿರಮ್ಮ, ಇನ್ನೂ ನಾಲ್ಕು ಜನ ಯಾರಿಗೂ ಡಂಗೂರ ಹೊಡೆಯದೆ ರೈಲು ಹತ್ತಿದರು. ಸೆಲ್ವಿಗೆ ರಾಗಿ ಹಿಟ್ಟು, ಅವಳ ಅತ್ತೆಗೆ ಎಲೆಅಡಿಕೆ. ತಿರುವು ದಾಟಿ, ಮರಳಿನ ಮೇಲೆ ಸಾಲಾಗಿ, ಸಮುದ್ರಕ್ಕೆ ಮುಖ ಮಾಡಿ ಕೂತರು. ಗಂಗರತ್ನಮ್ಮ ಕಣ್ಣು ಮುಚ್ಚಿದಳು. ಕದಿರಮ್ಮ ಸೊಸೆಯ ವಿಷಯ ತೆಗೆದಳು. ಅದಕ್ಕೆ ಇನ್ನೊಬ್ಬಳು ತನ್ನ ನಾದಿನಿಯನ್ನು ಸೇರಿಸಿದಳು. ಕತ್ತಲಾಗುವವರೆಗೆ ಬಾಯಿ ಮುಚ್ಚಲಿಲ್ಲ. ಎಷ್ಟೋ ವರ್ಷದಿಂದ ಯಾರೂ ಕೇಳದೆ ಉಳಿದಿದ್ದ ಮಾತು ಅದು, ಎಲ್ಲಿ ಹೋಗಬೇಕು? ಗಂಗರತ್ನಮ್ಮ ಮೊದಲು ಹಲ್ಲು ಕಚ್ಚಿದಳು, ಆಮೇಲೆ ತನ್ನ ಓರಗಿತ್ತಿಯದೂ ಒಂದಿಷ್ಟಿದೆ ಅಂತ ನೆನಪಾಗಿ ತಾನೂ ಸೇರಿಕೊಂಡಳು.

ಅಲ್ಲಿಂದೀಚೆಗೆ ಮತ್ತೆರಡು ಸಲ ಹೋಗಿದ್ದಾರೆ. ಹೋದ ಸಲ ಹನ್ನೊಂದು ಜನ, ಹನ್ನೊಂದು ಬಾಯಿ. ವಾಪಸ್ಸು ಹೊರಡುವಾಗ ಸೆಲ್ವಿ ಗಂಗರತ್ನಮ್ಮನನ್ನು ಪಕ್ಕಕ್ಕೆ ಕರೆದು, ಬೇಜಾರು ಮಾಡ್ಕೋಬೇಡ ಅಕ್ಕಾ ಅಂತ ತಮಿಳಿನಲ್ಲಿ ಶುರುಮಾಡಿ, "ನಿಮ್ಮೂರ ಕಡೆ ಎಲ್ಲಾದ್ರೂ ಸದ್ದಿಲ್ಲದ ಜಾಗ ಇದೆಯಾ?" ಅಂತ ಕೇಳಿದಳು.

ಗಂಗರತ್ನಮ್ಮ ಅವಳನ್ನು ಕರೆದುಕೊಂಡೇ ಬಂದಳು. ಎಲ್ಲಿಗೆ ಒಯ್ಯುವುದು ಅಂತ ಯೋಚಿಸಿ, ಕೆಜಿಎಫ್‌ನ ಮುಚ್ಚಿದ ಗಣಿ ಮೈಸೂರು ಮೈನ್ಸ್ ಕಡೆ, ಗಣಿಯ ಪುಡಿಮಣ್ಣು ಸುರಿದು ಬೆಳೆದ ದಿಬ್ಬಗಳು ಕಾಣುವ ಬಯಲಿಗೆ ಆಟೊ ಮಾಡಿಸಿದಳು. ದೂರದಿಂದ ನೋಡಿದರೆ ಮರಳ ದಡದ ಹಾಗೆಯೇ, ಸಮುದ್ರವೊಂದು ಬಿಟ್ಟು. ಆಟೊ ಇಳಿದು ನೋಡಿದರೆ ಮದುವೆಗೆ ಮುಂಚಿನ ವಿಡಿಯೊ ನಡೆಯುತ್ತಿತ್ತು. ಮದುವೆ ಗಂಡು ಓಡಿ ಬರುತ್ತಿದ್ದ, ಹೆಣ್ಣು ನೆಲಕ್ಕೆಳೆಯುವ ಲಂಗ ಎತ್ತಿಕೊಂಡು ತಿರುಗುತ್ತಿದ್ದಳು, ಸೌಂಡ್ ಬಾಕ್ಸಿನಲ್ಲಿ ಹಾಡು ಅರಚುತ್ತಿತ್ತು. ಸೆಲ್ವಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನೀಲಗಿರಿ ಮರದ ನೆರಳಿನಲ್ಲಿ ಕಾಲು ಚಾಚಿ ಕೂತು, "ಹುಡುಗಿ ಚೆನ್ನಾಗಿದ್ದಾಳೆ" ಅಂದು ಪುಳಿಯೋಗರೆಯ ಡಬ್ಬಿ ಬಿಚ್ಚಿದಳು.